ಕುದುರೆಪಂದ್ಯ ಬಿಟ್ಟುಹೋದ ಪ್ರವಚನ

ಒಂದು ಕಡೆ ಕೂರುವ ಜಾತಿ ನನ್ನದಲ್ಲ. ಟೆಕ್ಸಸ್‌ನಲ್ಲಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಯೂಲೆಸ್ ಊರಿನ ನಮ್ಮ ಮನೆಯ ಮೇಲೆ ವಿಮಾನ ಹಾದರೂ ಎದ್ದು ನಿಲ್ಲುತ್ತೇನೆ. ಆ ವಾರ ಮಾತ್ರ ಸೊಸೆ ನನ್ನನ್ನೂ ಮೀರಿಸಿ ಚಡಪಡಿಸುತ್ತಿದ್ದಳು. ಧಾರವಾಡದವಳು, ಆಸ್ಟಿನ್‌ನಲ್ಲಿ ಪಿಎಚ್‌ಡಿ. ಕ್ರೈಸ್ತರ ಮೊದಮೊದಲ ಗುರುಗಳು ಪೇಟೆಯ ಜನಕ್ಕೆ ಹೇಳಿದ ಪ್ರವಚನಗಳನ್ನು ಶತಮಾನಗಳ ನಂತರ ಮಠದ ಸನ್ಯಾಸಿಗಳು ಹೇಗೆ ನಕಲು ಮಾಡಿಕೊಂಡು ಓದಿದರು ಎಂಬುದು ಅವಳ ವಿಷಯ. ಆ ಮಠಗಳಲ್ಲಿ ಊಟದ ಹೊತ್ತು ಮಾತಾಡುವಂತಿಲ್ಲ. ಒಬ್ಬ ಓದಬೇಕು, ಉಳಿದವರು ಉಣ್ಣುತ್ತ ಕೇಳಬೇಕು.

ಸೋಮವಾರ ಅವಳ ಕೊನೆಯ ಮೌಖಿಕ ಪರೀಕ್ಷೆ. ಒಂದು ಪ್ರಶ್ನೆಗೆ ಅವಳಲ್ಲಿ ಉತ್ತರವೇ ಇರಲಿಲ್ಲ. ಒಂದು ಪ್ರವಚನದ ಮೂಲದಲ್ಲಿ ಗುರು, ‘ನಾನು ಮುಗಿಸೋ ಮೊದಲೇ ಕುದುರೆಪಂದ್ಯಕ್ಕೆ ಓಡ್ತೀರಲ್ಲ’ ಎಂದು ಜನರನ್ನು ಛೇಡಿಸುತ್ತಾನೆ. ಮಠದ ಪ್ರತಿಯಲ್ಲಿ ಪಂದ್ಯ ಮಾಯ. ‘ಕೂತಲ್ಲೇ ತೂಕಡಿಸ್ತೀರಲ್ಲ’ ಎಂದಿದೆ. ಯಾಕೆ?

ಶನಿವಾರ ಹ್ಯೂಸ್ಟನ್‌ನಿಂದ ನೆಂಟರು ಊಟಕ್ಕೆ ಬಂದರು. ಸೊಸೆ ನನಗಾಗಿ ಕನ್ನಡಕ್ಕೆ ತಂದಿದ್ದ ಆ ಪ್ರವಚನ ಹಿಡಿದು ಎದ್ದೆ.

“ಇವತ್ತು ಮಠದ ರೂಲ್ಸು. ಬಿಸಿಬೇಳೆಬಾತ್‌ಗೆ ಬಿಟ್ಟು ಬೇರೆ ಯಾವ್ದಕ್ಕೂ ಬಾಯಿ ತೆಗೆಯೋ ಹಾಗಿಲ್ಲ!”

ನನ್ನ ಕಂಠಕ್ಕೆ ಕಲ್ಲೂ ತಲೆದೂಗುತ್ತದೆ. ನೆಂಟರ ಕಣ್ಣು ಮಾತ್ರ ಮೇಜಿನ ಕೆಳಗಿನ ಫೋನಿನಲ್ಲಿತ್ತು. ಕುದುರೆಯ ಸಾಲು ಬಂತು. ದನಿ ಏರಿಸಿದೆ: “ನಾನು ಮುಗಿಸೋ ಮೊದಲೇ ಕ್ರಿಕೆಟ್ ಸ್ಕೋರ್ ನೋಡ್ತೀರಲ್ಲ!”

ಒಂದು ಫೋನು ಬೆಚ್ಚಿಬಿದ್ದು ಪಾಯಸ ಸೇರಿತು.

“ಅಂಕಲ್, ಆ ಕಾಲದಲ್ಲಿ ಕ್ರಿಕೆಟ್ ಇತ್ತಾ?” ಫೋನು ಒರೆಸುತ್ತ ನೆಂಟರ ಹುಡುಗ ಕೇಳಿದ.

“ಕದ್ದು ನೋಡೋರು ಎಲ್ಲಾ ಕಾಲದಲ್ಲೂ ಇದ್ರು. ತಿನ್ನಯ್ಯ!”

ಸೊಸೆ ಸೌಟು ಎತ್ತಿಕೊಂಡೇ ಬಂದಳು. “ಮಾವಾರ, ಕುದುರಿ ಎಲ್ಲಿ ಹೋದ್ವು? ಅದರಾಗ ಹಿಂಗಿಲ್ರಿ!”

“ಕುದುರೆ ಅಂದ್ರೆ ಇವರಿಗೆ ಚುಚ್ಚತ್ತೇನಮ್ಮ? ಎದುರಿಗೆ ಕೂತಿರೋರ ಮುಖ ನೋಡಿ ಓದ್ದೆ.”

ಸೌಟು ಗಾಳಿಯಲ್ಲೇ ನಿಂತಿತು. “ಮಠದಾಗ ಪಂದ್ಯ ಎಲ್ಲಿಂದ ಬರಬೇಕ್ರಿ? ತೂಕಡಿಕಿ ಇತ್ತು...” ಎನ್ನುತ್ತ ಬಡಿಸುವುದನ್ನೂ ಮರೆತು ಕೋಣೆಗೆ ಓಡಿದಳು.

ಸೋಮವಾರ ಆಸ್ಟಿನ್‌ನ ಪರೀಕ್ಷೆಯ ಕೋಣೆ ಹೊರಗಿನ ಕಾರಿಡಾರನ್ನು ನಾನು ಸವೆಸಿದಷ್ಟು ಯಾವ ವಿದ್ಯಾರ್ಥಿಯೂ ಸವೆಸಿರಲಾರ. ಕೊನೆಗೆ ಬಾಗಿಲು ತೆರೆಯಿತು.

“ಪಾಸಾದೆ, ಮಾವಾರ! ಅದನ್ನೇ ಕೇಳಿದ್ರು. ಅದು ಸನ್ಯಾಸಿಯ ತಪ್ಪಲ್ಲ, ಕೇಳೋರನ್ನ ನೋಡಿ ಬದಲಿಸ್ಯಾನ ಅಂದೆ.”

“ನನ್ನ ಹೆಸರು ಹೇಳ್ದೆ ತಾನೆ?”

“ನಕಲು ಮಾಡಿದವರ ಹೆಸರು ಯಾರೂ ಬರಿಯೂದಿಲ್ರಿ.”

ಎಂಥ ಅನ್ಯಾಯ! ವಾಪಸು ಡ್ರೈವ್ ಮಾಡುತ್ತ ಈ ಬಗ್ಗೆ ಒಂದು ದೀರ್ಘ ಪ್ರವಚನವನ್ನೇ ಕೊಟ್ಟೆ. ಅರ್ಧ ದಾರಿಯಲ್ಲಿ ವೇಕೋ ಊರು ದಾಟಿದ ಮೇಲೆ ಪಕ್ಕಕ್ಕೆ ತಿರುಗಿ ನೋಡಿದರೆ, ವಾರದಿಂದ ಕಣ್ಣು ಮುಚ್ಚದ ನನ್ನ ಸೊಸೆ ಕೂತಲ್ಲೇ ತೂಕಡಿಸುತ್ತಿದ್ದಳು.