ಸೀಗಡಿಯ ಮೇಲೆ ಚಿಟಿಕೆ ಹೊಯ್ಗೆ

ಕುಮಟಾ ಸಂತೆಯಲ್ಲಿ ನಾನು ಬಗ್ಗಿ ಕೈಚೀಲ ಬಿಡಿಸುತ್ತಿದ್ದಾಗ, ಮೀನು ಮಾರುವ ಹೆಂಗಸು ಡಬ್ಬಿಯಿಂದ ಚಿಟಿಕೆ ಮರಳು ತೆಗೆದು ಸ್ವಚ್ಛವಾಗಿದ್ದ ಒಣಸೀಗಡಿಯ ಮೇಲೆ ಉದುರಿಸಿದಳು.

“ಇದೆಂತ ಮಾಡ್ತೀರಿ?” ಎಂದೆ.

“ಹೊಯ್ಗೆ ಇಲ್ದಿದ್ರೆ ಯಾರೂ ತಕಣುದಿಲ್ಲ. ಮದ್ದು ಹಾಕಿ ಒಣಸಿದ್ದು ಅಂತ್ರು” ಎಂದಳು, ನಾಚಿಕೆಯೇನೂ ಇಲ್ಲದೆ.

ಅವಳು ಕಡಲ ದಂಡೆಯ ಮಂಕಿ ಊರಿನವಳು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಅಲ್ಲಿನ ಮಹಿಳಾ ಸಂಘಕ್ಕೆ ವಿಜ್ಞಾನಿಗಳು ಸರ್ಕಾರದ ಸಂಶೋಧನಾ ಹಣದಲ್ಲಿ, ಬಿಸಿಲಿನ ಶಾಖದಿಂದಲೇ ಮೀನು ಒಣಗಿಸುವ ಗಾಜಿನ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಿದ್ದರು. ದಂಡೆಯ ಮರಳೂ ನೊಣವೂ ತಾಗಬಾರದೆಂಬುದೇ ಅದರ ಉದ್ದೇಶ. ವ್ಯಾಪಾರ ಕುದುರದಿದ್ದರೆ ಪೆಟ್ಟಿಗೆ ಬೇರೆ ಊರಿಗೆ ಹೋಗುತ್ತದಂತೆ.

ನಾನು ಮರಳಿಲ್ಲದ್ದನ್ನೇ ಕೇಳಿ ತಂದೆ. ಅಮ್ಮ ಸೀಗಡಿ ತೊಳೆದು ಪಾತ್ರೆಯ ತಳ ನೋಡಿದಳು. ಮತ್ತೆ ತೊಳೆದು ನೋಡಿದಳು. ತಳದಲ್ಲಿ ಏನೂ ಕೂರಲಿಲ್ಲ.

“ಇದು ನಮ್ಮ ಕಡೆದಲ್ಲ, ಎಂತದೋ ಹಾಕಿದ್ರು” ಎಂದು ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು.

ಮುಂದಿನ ಸಂತೆಯಲ್ಲಿ ಅದೇ ಹೆಂಗಸಿನ ಮುಂದೆ ಚೀಲ ಹಿಡಿದು ನಿಂತೆ. ಅವಳು ಡಬ್ಬಿ ಮುಟ್ಟುವ ಮೊದಲೇ ನಾನು ಹೇಳಿದೆ: “ಸ್ವಲ್ಪ ಹೊಯ್ಗೆ ಹಾಕಿ.”