ಆಷಾಢದ ಡ್ರಮ್ಮರ್

ಚಾಮರಾಜಪೇಟೆಯಲ್ಲಿ ವೃಷಭೇಂದ್ರಪ್ಪನವರ ಛತ್ರ ಎಂದರೆ ಆಟೋದವರು ಸೀದಾ ತಂದು ಬಾಗಿಲಲ್ಲಿ ಬಿಡುತ್ತಾರೆ. ಅಲ್ಲೊಂದು ರಾಕ್ ಬ್ಯಾಂಡ್ ಇತ್ತು ಎಂದರೆ ಮಾತ್ರ ನಂಬುವುದಿಲ್ಲ. ವರ್ಷವಿಡೀ ಅಲ್ಲಿ ಮದುವೆ, ನಿಶ್ಚಿತಾರ್ಥ, ಆರತಕ್ಷತೆ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಯಾರೂ ಮದುವೆ ಮಾಡುವುದಿಲ್ಲವಲ್ಲ, ಆಗ ಊಟದ ಹಾಲ್‌ನ ಮೇಜುಗಳನ್ನು ಗೋಡೆಗೆ ಸರಿಸಿ ನಾಲ್ಕು ಜನ ಅಭ್ಯಾಸಕ್ಕೆ ನಿಲ್ಲುತ್ತಿದ್ದರು. ಬ್ಯಾಂಡಿಗೆ ಹೆಸರೂ ‘ಶೂನ್ಯಮಾಸ’ ಎಂದೇ. ಉಳಿದ ತಿಂಗಳು ಶೇಷಾದ್ರಿಪುರದಲ್ಲಿ, ಹಾಡುವ ವಸಂತನ ಮನೆಯ ಮಹಡಿ ಕೋಣೆ. ಅಲ್ಲಿ ಡ್ರಮ್ ಇಡಲು ಅಕ್ಕಪಕ್ಕದವರು ಬಿಡುತ್ತಿರಲಿಲ್ಲ. ಡ್ರಮ್ಮರ್ ಗೌರೀಶ ತನ್ನ ತೊಡೆಯನ್ನೇ ಬಡಿದುಕೊಂಡು ಕೂರುತ್ತಿದ್ದ.

ಗೌರೀಶನಿಗೆ ನಲವತ್ತಾರು. ಛತ್ರದ ಮ್ಯಾನೇಜರ್. ಅವನ ಅಪ್ಪ ಮರಿಯಣ್ಣ ಮಾಗಡಿ ಕಡೆಯಿಂದ ಬಂದು ಇದೇ ಛತ್ರದ ಉಗ್ರಾಣ ನೋಡಿಕೊಂಡಿದ್ದವರು. ಮಗ ಬೆಳೆದದ್ದು ಉಗ್ರಾಣದ ಹಿಂದಿನ ಒಂದೂವರೆ ಕೋಣೆಯಲ್ಲಿ. ಮಗುಚಿಟ್ಟ ಹಂಡೆ, ಕೊಳಗ, ಎಣ್ಣೆ ಡಬ್ಬ, ಯಾವುದು ಸಿಕ್ಕರೂ ಸೌಟು ಹಿಡಿದು ಬಾರಿಸುವುದು, ಅಡುಗೆಯವರು ಬೈದುಕೊಂಡು ಅಟ್ಟಿಸಿಕೊಂಡು ಬರುವುದು. ಆರತಕ್ಷತೆಗೆ ಆರ್ಕೆಸ್ಟ್ರಾ ಬಂತೆಂದರೆ ಊಟ ಬಿಟ್ಟು ಡ್ರಮ್ಮಿನ ಹಿಂದೆ ನಿಂತುಬಿಡುತ್ತಿದ್ದ. ಕಾಲ ಕಳೆದಂತೆ ಆರ್ಕೆಸ್ಟ್ರಾದವರೆಲ್ಲ ಸೂಟ್‌ಕೇಸಿನಷ್ಟೇ ಇರುವ ಎಲೆಕ್ಟ್ರಾನಿಕ್ ರಿದಂ ಪ್ಯಾಡ್‌ಗೆ ಹೋದರು. ದೊರೆಸ್ವಾಮಿ ಎಂಬ ಡ್ರಮ್ಮರ್ ತನ್ನ ಹಳೇ ಸೆಟ್ಟನ್ನು ಮನೆಯಲ್ಲಿ ಇಡಲು ಜಾಗವಿಲ್ಲವೆಂದು ಉಗ್ರಾಣದಲ್ಲೇ ಬಿಟ್ಟು ಹೋದ. ಗೌರೀಶ ಕೈ ತಿದ್ದಿಕೊಂಡದ್ದು ಅದರ ಮೇಲೆ. ಗುರು ಎಂದು ಯಾರೂ ಇರಲಿಲ್ಲ.

ಮುಹೂರ್ತದ ದಿನಗಳಲ್ಲಿ ಆ ಸೆಟ್ಟು ಜಮಖಾನೆ ಹೊದ್ದುಕೊಂಡು ಬಾಳೆಎಲೆ ಕಟ್ಟುಗಳ ಪಕ್ಕ ಮಲಗಿರುತ್ತಿತ್ತು. ದೊಡ್ಡ ಡ್ರಮ್ಮಿನ ಹೊಟ್ಟೆಗೆ ಸದ್ದು ತಗ್ಗಲೆಂದು ದಿಂಬು ತುರುಕುವುದು ಎಲ್ಲ ಬ್ಯಾಂಡಿನವರೂ ಮಾಡುವ ಕೆಲಸ. ಇವನದರಲ್ಲಿದ್ದದ್ದು ಯಾವುದೋ ಮದುಮಗ ಮರೆತು ಹೋದ ಮಖಮಲ್ಲಿನ ದಿಂಬು. ಒಮ್ಮೆ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಮೈಕ್ ಇಡಲು ಬಂದವನು ಬಗ್ಗಿ ಮೂಗು ಅರಳಿಸಿ, “ಗುರು, ಸಾರಿನ್ ವಾಸನೆ ಬರ್ತಿದೆ” ಎಂದನಂತೆ. ಇಂಗಿನ ಡಬ್ಬದ ನೆರೆಯಲ್ಲಿ ಹದಿನೈದು ವರ್ಷ ಇದ್ದ ಡ್ರಮ್ಮು ಮತ್ತೇನು ಮಾಡೀತು.

ಹನ್ನೊಂದು ವರ್ಷದ ಹಿಂದೆ ವಸಂತ ತನ್ನ ಅಕ್ಕನ ಮದುವೆಗೆ ಛತ್ರ ನೋಡಲು ಬಂದಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮನುಷ್ಯ, ಜೇಬಿನಲ್ಲಿ ಹಾಡು ಬರೆದ ಚೀಟಿ. ಆಷಾಢದ ಮಧ್ಯಾಹ್ನ, ಒಳಗೆ ಯಾರೋ ಡ್ರಮ್ ಬಾರಿಸುತ್ತಿದ್ದಾರೆ. ಹೋಗಿ ನೋಡಿದರೆ ಇಷ್ಟು ದೊಡ್ಡ ಹಾಲ್ ಖಾಲಿ ಬಿದ್ದಿದೆ. ಹೀಗೆ ಬ್ಯಾಂಡಾಯಿತು. ಗಿಟಾರ್‌ಗೆ ಆಕರ್ಷ ಬಂದ. ಎಂಟು ವರ್ಷದ ಹಿಂದೆ ಬೇಸ್ ಗಿಟಾರ್‌ಗೆ ಹೇಮಶ್ರೀ ಬಂದಳು. ಅವೆನ್ಯೂ ರಸ್ತೆಯಲ್ಲಿ ಡೈರಿ, ನೋಟ್‌ಬುಕ್ ಮಾರುವ ಮನೆಯ ಹುಡುಗಿ, ಮಾತು ಕಡಿಮೆ.

ಐದು ಗಂಟೆಗೆ ಅಭ್ಯಾಸವೆಂದರೆ ಗೌರೀಶ ನಾಲ್ಕಕ್ಕೆ ಕೆಲಸಕ್ಕೆ ಇಳಿಯುತ್ತಿದ್ದ. ಮೇಜು ಸರಿಸುವುದು, ಸದ್ದು ಬೀದಿಗೆ ಹೋಗದಂತೆ ಕಿಟಕಿಗೆ ಜಮಖಾನೆ ಕಟ್ಟುವುದು, ವೈರು ಎಳೆಯುವುದು, ಫ್ಲಾಸ್ಕಿಗೆ ಕಾಫಿ ತುಂಬುವುದು. ಎದುರುಮನೆಯ ಶೈಲಜಮ್ಮ ತಲೆನೋವೆಂದು ಬಂದರೆ ಅವರನ್ನು ಕೂರಿಸಿ ಮಾತಾಡಿಸಿ ಕಳಿಸುವುದೂ ಅವನೇ. ಎಲ್ಲ ಮುಗಿದ ಮೇಲೆ ವೈರುಗಳನ್ನು ಮೊಣಕೈಗೆ ಸುತ್ತಿ ಎತ್ತಿಡುತ್ತಿದ್ದ. ಇದೆಲ್ಲದರ ನಡುವೆ ಎರಡು ಗಂಟೆ ಡ್ರಮ್ ಬಾರಿಸುತ್ತಿದ್ದ.

ಒಂದು ಸಲ ಇಂದಿರಾನಗರದಲ್ಲಿ ಕಾರ್ಯಕ್ರಮ. ವಸಂತ ಮೈಕಿನಲ್ಲಿ ಎಲ್ಲರ ಹೆಸರು ಹೇಳುತ್ತ, “ಡ್ರಮ್ಸ್, ಗೌರೀಶಣ್ಣ. ನಮ್ ಛತ್ರದವರು” ಎಂದ. ಜನ ಚಪ್ಪಾಳೆ ತಟ್ಟಿದರು. ವಸಂತ ಪ್ರೀತಿಯಿಂದಲೇ ಹೇಳಿದ್ದು. ಗೌರೀಶನಿಗೆ ಮಾತ್ರ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು. ಇವರು ನನ್ನನ್ನು ಇಟ್ಟುಕೊಂಡಿರುವುದು ಕೈಗಾಗಿಯೋ, ಹಾಲ್‌ಗಾಗಿಯೋ? ಕೇಳುವ ಧೈರ್ಯ ಬರಲಿಲ್ಲ. ಹಾಲ್ ಇರುವಷ್ಟು ದಿನ ಕೇಳುವ ಅಗತ್ಯವೂ ಬರಲಿಲ್ಲ.

ಈ ವರ್ಷ ಬಂತು. ಶ್ರಾವಣದಲ್ಲಿ ಪುಣೆಯ ಒಂದು ಸಂಗೀತೋತ್ಸವಕ್ಕೆ ‘ಶೂನ್ಯಮಾಸ’ಕ್ಕೆ ಕರೆ ಬಂದಿತ್ತು. ಊರಾಚೆ ಇದೇ ಮೊದಲು. ಆಷಾಢ ಪೂರ್ತಿ ಕೂತು ಅಭ್ಯಾಸ ಮಾಡುವುದೆಂದು ನಾಲ್ವರೂ ರಜ ಹೊಂದಿಸಿಕೊಂಡಿದ್ದರು. ಆಷಾಢಕ್ಕೆ ಇನ್ನು ಆರು ದಿನ ಇರುವಾಗ ವೃಷಭೇಂದ್ರಪ್ಪನವರು ಕರೆದು, ತಿಂಗಳು ಪೂರ್ತಿ ಹಾಲನ್ನು ಸೀರೆ ಮಾರಾಟದವರಿಗೆ ಕೊಟ್ಟಿರುವುದಾಗಿ ಹೇಳಿದರು. ಸುಮ್ಮನೆ ಯಾಕೆ ಬಾಗಿಲು ಹಾಕಿಕೊಂಡು ಬಿದ್ದಿರಬೇಕು ಎಂಬುದು ಅವರ ಮಾತು. ಅವರ ಛತ್ರ, ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಗೌರೀಶ ತಲೆಯಾಡಿಸಿ ಬಂದ.

ಬೇರೆ ಜಾಗ ಯಾವುದೆಂದು ಅವನಿಗೆ ಗೊತ್ತಿತ್ತು. ಮತ್ತಿಕೆರೆಯಲ್ಲಿ ವಂಶಿ ಎಂಬ ಹುಡುಗ ಅಭ್ಯಾಸದ ಕೋಣೆ ಇಟ್ಟಿದ್ದ, ಸದ್ದು ಹೊರಗೆ ಹೋಗದ ಗೋಡೆ, ಒಳ್ಳೆಯ ಡ್ರಮ್ ಸೆಟ್ಟು. ತೊಂದರೆ ಏನೆಂದರೆ ವಂಶಿಯೂ ಡ್ರಮ್ಮರ್. ಇಪ್ಪತ್ತೇಳು ವಯಸ್ಸು, ಕೈ ನಡೆಯುವುದು ಗಡಿಯಾರದಂತೆ. ಜಾಗ ಇರುವವನೇ ಡ್ರಮ್ಮರ್ ಎಂಬುದು ನಿಜವಾದರೆ, ಇನ್ನು ಮೇಲೆ ಡ್ರಮ್ಮರ್ ಯಾರು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಐದು ದಿನ ಗೌರೀಶ ಬಾಯಿ ಬಿಡಲಿಲ್ಲ. ಫೋನಿನಲ್ಲಿ ವಸಂತ ‘ಭಾನುವಾರ ಐದಕ್ಕಾ?’ ಎಂದು ಕೇಳಿದರೆ ‘ಹೂಂ’ ಎಂದು ಕಳಿಸಿದ. ಹೆಂಡತಿ ಪ್ರತಿಭಾ ಎರಡು ದಿನ ನೋಡಿದಳು, ಮೂರನೇ ದಿನ ಬಾಯಿ ಬಿಡಿಸಿದಳು.

“ಹೇಳ್ಬಿಡಿ. ಭಾನುವಾರ ಬಂದು ಸೀರೆ ಅಂಗಡಿ ಮುಂದೆ ಗಿಟಾರ್ ಹಿಡ್ಕೊಂಡು ನಿಲ್ತಾರೆ, ಚೆನ್ನಾಗಿರತ್ತಾ?”

“ಹೇಳಿದ್ರೆ ನನ್ ಕೆಲ್ಸ ಮುಗೀತು.”

“ಮುಗ್ದಿದ್ರೆ ಹೇಳ್ದೇ ಇದ್ರೂ ಮುಗ್ದಿರತ್ತೆ” ಎಂದು ಅವಳು ಹುರುಳಿಕಾಯಿ ಸೋಸುವುದಕ್ಕೆ ಹೋದಳು.

ಶನಿವಾರ ಬೆಳಿಗ್ಗೆ ಗೌರೀಶ ಶೇಷಾದ್ರಿಪುರಕ್ಕೆ ಹೋಗಿ ವಸಂತನ ಮಹಡಿಯಲ್ಲಿ ಮೂವರನ್ನೂ ಕೂರಿಸಿಕೊಂಡು ಹೇಳಿದ. ಐದು ದಿನ ಬಚ್ಚಿಟ್ಟದ್ದನ್ನೂ ಹೇಳಿದ. ಮತ್ತಿಕೆರೆಯ ಹೆಸರನ್ನೂ ತಾನೇ ಎತ್ತಿದ. ಆಕರ್ಷ ಫೋನ್ ತೆಗೆದು ವಂಶಿಗೆ ಹಚ್ಚಿದ. ಮಾತು ಎರಡೇ ನಿಮಿಷ. ನಾಳೆ ಐದಕ್ಕೆ ಕೋಣೆ ಸಿಕ್ಕಿತು. ಗೌರೀಶನಿಗೆ ಯಾರೂ ಬನ್ನಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಹೋದ.

ಮತ್ತಿಕೆರೆಯ ಕೋಣೆಯಲ್ಲಿ ಸರಿಸಲು ಮೇಜಿರಲಿಲ್ಲ. ವೈರುಗಳು ಆಗಲೇ ಅವುಗಳ ಜಾಗದಲ್ಲಿದ್ದವು. ಕಾಫಿ ಬೇಕಾದವರಿಗೆ ಕೆಳಗೇ ಬೇಕರಿ. ವಂಶಿ ಬಾಗಿಲು ತೆಗೆದು, ಡ್ರಮ್ಮಿನ ಸ್ಟೂಲನ್ನು ಗೌರೀಶನ ಎತ್ತರಕ್ಕೆ ತಿರುಗಿಸಿಕೊಟ್ಟು, ಗಾಜಿನ ಆಚೆ ಹೋಗಿ ಕೂತ. ಮಾಡಲು ಬೇರೇನೂ ಇಲ್ಲದೆ ಗೌರೀಶ ಕಡ್ಡಿ ಹಿಡಿದ.

ಪುಣೆಗೆಂದು ಇಟ್ಟುಕೊಂಡಿದ್ದ ಮೂರನೇ ಹಾಡು, ಎರಡನೇ ಚರಣ. ಹೇಮಶ್ರೀ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

“ಗೌರೀಶಣ್ಣ, ತಾಳ ಬಿಟ್ಟು ಮುಂದೆ ಓಡ್ತಿದೀರ.”

“ನಾನಾ?”

“ನೀವೇ. ಪ್ರತಿ ಸಲ ಇಲ್ಲೇ ಓಡ್ತೀರ. ನಾನು ಬ್ಯಾಂಡಿಗೆ ಬಂದಾಗಿಂದ.”

ಎಂಟು ವರ್ಷ. ಗೌರೀಶ ವಸಂತನ ಮುಖ ನೋಡಿದ. ವಸಂತ ಮೈಕಿನ ಕಂಬದ ತಿರುಪು ತಿರುಗಿಸುತ್ತ ಇದ್ದ. ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಗೌರೀಶ ಕೇಳಿದ.

“ಛತ್ರದಲ್ಲಿ ಹೆಂಗೆ ಹೇಳೋದು?” ಎಂದಳು ಹೇಮಶ್ರೀ. “ನೀವು ಬೆವರು ಸುರಿಸ್ಕೊಂಡು ಮೇಜು ಎತ್ತಿಟ್ಟು, ಕಾಫಿ ಕೊಟ್ಟು ಕೂತ್ಕೊತಿದ್ರಿ. ಕಾಫಿ ಕುಡ್ದು ತಪ್ಪು ಹೇಳಕ್ಕಾಗತ್ತಾ? ಆ ಹಾಲ್‌ನಲ್ಲಿ ಎಲ್ಲಾ ಗುಂಯ್ ಅಂತಿತ್ತು, ನಡ್ಕೊಂಡ್ ಹೋಯ್ತು. ಇಲ್ಲಿ ನಡಿಯಲ್ಲ. ಪುಣೇಲೂ ನಡಿಯಲ್ಲ.”

ಗಾಜಿನ ಆಚೆ ವಂಶಿ ಫೋನ್ ನೋಡುತ್ತಿದ್ದ. ಗೌರೀಶ ಕಡ್ಡಿಗಳನ್ನು ಡ್ರಮ್ಮಿನ ಮೇಲಿಟ್ಟು, ಐದು ದಿನದಿಂದ ಅಲ್ಲ, ವರ್ಷಗಳಿಂದ ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕಿದ.

“ವಂಶೀನೇ ಕೂರಿಸ್ಬೋದಲ್ಲ.”

ಉತ್ತರ ಕೊಟ್ಟವನು ವಸಂತ.

“ಕೂರಿಸಿದ್ವಿ ಗೌರೀಶಣ್ಣ. ಹೋದ ವರ್ಷ. ಮೂರು ಸಲ.”

“ನಂಗೆ ಹೇಳ್ದೇನೇ?”

“ಹೂಂ, ಹೇಳ್ದೇನೇ. ನೀವು ಮದ್ವೆ ಸೀಸನ್‌ನಲ್ಲಿ ಇದ್ರಿ. ಅವ್ನು ನಿಮ್ಗಿಂತ ಚೆನ್ನಾಗ್ ನುಡಿಸ್ತಾನೆ, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಹಾಡು ನಮ್ದು ಅನ್ನಿಸ್ಲಿಲ್ಲ. ಯಾರ್ದೋ ಮದ್ವೇಲಿ ಹಾಡ್ದಂಗಿತ್ತು.”

“ಅದಕ್ಕೇ ನಿಮ್ಮನ್ನ ಸರಿ ಮಾಡೋಣ ಅಂತ” ಎಂದಳು ಹೇಮಶ್ರೀ. “ನೀವಿಬ್ರೂ ಹೊರಗೆ ಹೋಗಿ. ಗೌರೀಶಣ್ಣ, ನಾನು, ಇಬ್ರೇ. ಎರಡನೇ ಚರಣ.”

ವಸಂತ, ಆಕರ್ಷ ಕೆಳಗೆ ಬೇಕರಿಗೆ ಹೋದರು. ಒಂದೂಕಾಲು ಗಂಟೆ ಆ ಹುಡುಗಿ ಅವನನ್ನು ಬಿಡಲಿಲ್ಲ. ಅವನು ಓಡಿದಾಗಲೆಲ್ಲ ಅಂಗೈಯಿಂದ ತಂತಿ ಮುಚ್ಚುವಳು, ಕಾಲಲ್ಲಿ ನೆಲ ತಟ್ಟಿ ಲೆಕ್ಕ ಹಿಡಿಯುವಳು, ಮತ್ತೆ ಶುರು. ಇಪ್ಪತ್ತು ಸಲವೋ ಇಪ್ಪತ್ತೈದು ಸಲವೋ. ಬೆನ್ನ ಹಿಂದೆ ಮೂರು ಸಲ ಬೇರೆಯವನನ್ನು ಕೂರಿಸಿ ನೋಡಿದರೆಂಬ ಸಿಟ್ಟು ಮೊದಲ ಹತ್ತು ಸಲ ಕೈಯಲ್ಲೇ ಇತ್ತು, ಹಾಗಾಗಿ ಇನ್ನೂ ಓಡಿದ. ಆಮೇಲೆ ಕೈ ಸೋತು, ಸಿಟ್ಟಿಗೆ ಬಲ ಸಾಲದೆ, ಹಾಡು ನಡಿಗೆಗೆ ಬಂತು.

ಮನೆಗೆ ಬಂದವನನ್ನು ಪ್ರತಿಭಾ ಬಾಗಿಲಲ್ಲೇ ಕೇಳಿದಳು, ಏನಾಯಿತೆಂದು.

“ಬೈಸ್ಕೊಂಡೆ” ಎಂದ ಗೌರೀಶ. ಕೈ ತೊಳೆದು ಊಟಕ್ಕೆ ಕೂತ. ಅನ್ನ ಎರಡು ಸಲ ಹಾಕಿಸಿಕೊಂಡದ್ದನ್ನು ಅವಳು ನೋಡಿದಳು.

ಆಷಾಢ ಪೂರ್ತಿ ಅವನು ಬೆಳಿಗ್ಗೆ ಸೀರೆಯವರಿಗೆ ಛತ್ರ ತೆಗೆದುಕೊಟ್ಟು, ಸಂಜೆ ಬಸ್ಸು ಹತ್ತಿ ಮತ್ತಿಕೆರೆಗೆ ಹೋಗಿ ಬೈಸಿಕೊಂಡು ಬಂದ. ವಸಂತನಿಗೂ ಅಭ್ಯಾಸವಾಯಿತು, ಅವನೂ ಬೈಯತೊಡಗಿದ. ಗೌರೀಶನೂ ಒಂದು ದಿನ ವಸಂತನಿಗೆ, ಮೇಲಿನ ಸ್ವರಕ್ಕೆ ಹೋದಾಗ ಕೋಳಿ ಕೂಗಿದಂತೆ ಕೇಳಿಸುತ್ತದೆ ಎಂದು ಹೇಳಿದ. ಹನ್ನೊಂದು ವರ್ಷದಲ್ಲಿ ಅವನೂ ಹೇಳಿರಲಿಲ್ಲ.

ಪುಣೆಯ ಕಾರ್ಯಕ್ರಮದ ವಿಡಿಯೊ ಯಾರೋ ಹಾಕಿದ್ದಾರೆ. ಮೂರನೇ ಹಾಡಿನ ಎರಡನೇ ಚರಣದಲ್ಲಿ ಬೇಸ್ ಗಿಟಾರಿನವಳು ಅಷ್ಟು ಜನಕ್ಕೆ ಬೆನ್ನು ಹಾಕಿ ಡ್ರಮ್ಮಿನ ಕಡೆ ತಿರುಗಿ ಕಣ್ಣು ಬಿಡುವುದು ಕಾಣುತ್ತದೆ. ಡ್ರಮ್ಮರ್ ನಾಲಿಗೆ ಕಚ್ಚಿ ನಿಧಾನಿಸುತ್ತಾನೆ.