ದಪ್ಪ ಬಾಣಗಳು

ಉಗಾರ ಖುರ್ದದಲ್ಲಿ ನಾನು ಬಿಲ್ಲುಗಾರಿಕೆ ಕಲಿಯುತ್ತಿದ್ದಾಗ ಬಾಣ ಆರಿಸಿದ್ದು ಅಪ್ಪ. ಬೀಜದ ಕಬ್ಬು ಆರಿಸುವಂತೆ ಒಂದೊಂದನ್ನೂ ಹಿಡಿದು ನೋಡಿ, ದಪ್ಪನೆಯವನ್ನೇ ಕೊಂಡರು. ವರ್ಷವಿಡೀ ನನ್ನ ಬಾಣಗಳು ಗುರಿಯ ಎಡಕ್ಕೇ ಹೋದವು. ಮೊಣಕೈ ತಿದ್ದಿಕೊಂಡೆ, ಗರಿ ಬದಲಿಸಿದೆ, ಅತ್ತೂ ನೋಡಿದೆ. ಕೊನೆಗೆ ರಾಯಬಾಗದ ಕೋಚ್ ಒಂದು ಬಾಣವನ್ನು ಬಗ್ಗಿಸಲು ನೋಡಿ ಸಿಡುಕಿದರು: "ನಿನ್ನ ಬಿಲ್ಲ ಹಗೂರ ಐತಿ. ಇಷ್ಟ ಬಿರುಸಿನ ಬಾಣ ಎಡಕ್ಕ ಹೋಗ್ದ ಎಲ್ಲಿಗೆ ಹೋಗಬೇಕ?"

ಅವರು ಕೊಟ್ಟ ತೆಳು ಬಾಣ ಮೊದಲ ಸಲವೇ ನಡುವಿನ ಹಳದಿಗೆ ನಾಟಿತು. ಕುಣಿಯಬೇಕಿತ್ತು, ಹಾಳಾದ ವರ್ಷ ನೆನೆದು ಹಲ್ಲು ಕಡಿದೆ. ಮನೆಯಲ್ಲಿ ಎಲ್ಲ ವಿವರಿಸಿ ಹೇಳಿದೆ. ಅಪ್ಪ ತೆಳು ಬಾಣವನ್ನು ಬೆರಳಲ್ಲಿ ಬಗ್ಗಿಸಿ, "ಇದು ಬಾಳಿಕಿ ಬರಂಗಿಲ್ಲವ್ವಾ," ಎಂದರು. ಮರುವಾರ ಇನ್ನೊಂದು ಡಜನ್ ದಪ್ಪ ಬಾಣ ತಂದರು.